ಇಬ್ಬರ ದುಡಿಮೆ, ಒಬ್ಬರ ಬಿರುದು

ವೈದ್ಯಪದವಿಯನ್ನು ಪಡೆದ ಹೆಣ್ಣುಮಗಳು ವಿವಾಹಾನಂತರ ತನ್ನ ವಿದ್ಯೆಯನ್ನು ಗಂಟುಕಟ್ಟಿ ಅಟ್ಟದ ಮೇಲಿಡುವುದು ನಮ್ಮ ದೇಶದಲ್ಲಿ ಇಂದಿಗೂ ಅಪರೂಪವಲ್ಲ. ಸಂಸಾರ, ವೃತ್ತಿ ಇವೆರಡರಲ್ಲಿ ಒಂದನ್ನು ಬಿಟ್ಟಲ್ಲದೆ ಇನ್ನೊಂದು ಸಾಗದೆಂದು ಹೇಳುವ ಹಿರಿಯರು ಎಲ್ಲ ಊರುಗಳಲ್ಲಿಯೂ ಇರುವರು. ಅವರೊಡನೆ ವಾದಕ್ಕಿಳಿಯುವ ಬದಲು ಜಪಾನಿನ ವೈದ್ಯೆ ಡಾ. ತೆರುಕೊ ಇಶಿಜಾಕಾ ಅವರ ವೃತ್ತಾಂತವನ್ನು ವಾಚಕರ ಮುಂದಿಡಲು ನಾವು ಇಚ್ಛಿಸುತ್ತೇವೆ.

ಸ್ತ್ರೀಯರ ವೈದ್ಯಶಿಕ್ಷಣದಲ್ಲಿ ಜಪಾನೂ ನಾವೂ ಬಹುಮಟ್ಟಿಗೆ ಒಂದೇ ಕಾಲದಲ್ಲಿ ಹೊರಟವರು. ಅಮೇರಿಕದ ಫಿಲಡೆಲ್ಫಿಯಾ ನಗರದ ಸ್ತ್ರೀವೈದ್ಯಶಾಲೆಯಲ್ಲಿ 1885ರಲ್ಲಿ ತೆಗೆದ ಛಾಯಾಚಿತ್ರವೊಂದರಲ್ಲಿ ನಮ್ಮ ಆನಂದೀಬಾಯಿ ಜೋಶಿಯವರೂ ಜಪಾನಿನ ಕೇಯಿಕೊ ಓಕಾಮಿಯವರೂ ಜೊತೆಯಾಗಿ ಕಾಣಿಸುತ್ತಾರೆ. ಮುಂದೆ 1900ರಲ್ಲಿ, ಟೋಕಿಯೊದ ಖಾಸಗಿ ವೈದ್ಯಶಾಲೆಯೊಂದು ಸ್ತ್ರೀಯರಿಗೆ ಬಾಗಿಲು ಮುಚ್ಚಿದಾಗ, ಅಲ್ಲಿಯೇ ಕಲಿತಿದ್ದ ಯಾಯೋಯಿ ಯೋಶಿಯೋಕಾ ಎಂಬಾಕೆ ಅದೇ ವರ್ಷ ಸ್ತ್ರೀಯರಿಗಾಗಿ ಪ್ರತ್ಯೇಕ ವೈದ್ಯಶಾಲೆಯನ್ನು ತೆರೆದರು. ಅರ್ಜಿಗಳನ್ನು ಬರೆಯುತ್ತ ಕೂರಲಿಲ್ಲ. 1926ರಲ್ಲಿ ಹುಟ್ಟಿದ ತೆರುಕೊ ಆ ವಿದ್ಯಾಲಯದಿಂದಲೇ 1949ರಲ್ಲಿ ವೈದ್ಯೆಯಾಗಿ ಹೊರಬಂದರು, ಸಂಶೋಧಕರಾದ ಡಾ. ಕಿಮಿಶಿಗೆ ಇಶಿಜಾಕಾ ಅವರ ಕೈಹಿಡಿದರು. ಒಬ್ಬ ಮಗನ ತಾಯಿಯಾದರು. ವ್ಯಾಸಂಗ ಮಾತ್ರ ನಿಲ್ಲಲಿಲ್ಲ.

ಒಬ್ಬನಿಗೆ ಅಮೃತವಾದ ಆಹಾರ ಮತ್ತೊಬ್ಬನ ಮೈಯಲ್ಲಿ ಗಂಧೆಯನ್ನೆಬ್ಬಿಸುವುದೇಕೆ? ಹೂವಿನ ಪರಾಗದಿಂದ ಕೆಲವರಿಗೆ ಉಬ್ಬಸ ಬರುವುದೇಕೆ? 1921ರಲ್ಲಿ ಪ್ರೌಸ್ನಿಟ್ಜ್, ಕ್ಯುಸ್ಟ್‌ನರ್ ಎಂಬಿಬ್ಬರು ಇದರ ಸುಳಿವನ್ನು ಕಂಡಿದ್ದರು. ಮೀನು ಒಗ್ಗದ ಕ್ಯುಸ್ಟ್‌ನರರ ರಕ್ತರಸವನ್ನು ಪ್ರೌಸ್ನಿಟ್ಜರ ಚರ್ಮಕ್ಕೆ ಚುಚ್ಚಿ, ಮರುದಿನ ಅಲ್ಲಿಗೇ ಮೀನಿನ ಸತ್ತ್ವವನ್ನು ಚುಚ್ಚಿದಾಗ ಆ ಸ್ಥಳವು ಕೆಂಪಾಗಿ ಊದಿತು. ರಕ್ತದಲ್ಲಿ ಏನೋ ಒಂದಿದೆಯೆಂಬುದು ಇದರಿಂದ ಸಿದ್ಧವಾಯಿತು. ಆದರೆ ಅದೇನೆಂಬುದು ಮುಂದಿನ ನಾಲ್ವತ್ತು ವರ್ಷ ಯಾರ ಕೈಗೂ ಸಿಕ್ಕಲಿಲ್ಲ.

ಸಿಕ್ಕುವುದು ಸುಲಭವೂ ಆಗಿರಲಿಲ್ಲ. ನಮ್ಮ ರಕ್ತದಲ್ಲಿ ಹೇರಳವಾಗಿರುವ ಐಜಿಜಿ ಎಂಬ ಪ್ರತಿಕಾಯದೊಡನೆ ಹೋಲಿಸಿದರೆ ಈ ವಸ್ತುವಿನ ಪ್ರಮಾಣವು ಹತ್ತು ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ. ದಂಪತಿಗಳು 1962ರಲ್ಲಿ ಅಮೇರಿಕದ ಡೆನ್ವರ್ ನಗರಕ್ಕೆ ಹೋಗಿ, ಉಬ್ಬಸದ ಮಕ್ಕಳ ಆಸ್ಪತ್ರೆಗೆ ಸೇರಿದ ಸಂಶೋಧನಾಲಯದಲ್ಲಿ ಇದರ ಬೆನ್ನುಹತ್ತಿದರು. ರ‍್ಯಾಗ್‌ವೀಡ್ ಎಂಬ ಅಲ್ಲಿಯ ಕಳೆಯ ಪರಾಗ ಒಗ್ಗದವರ ರಕ್ತರಸವನ್ನು ಭಾಗಭಾಗವಾಗಿ ಬೇರ್ಪಡಿಸಿ ನೋಡಿದರು. ಪರೀಕ್ಷೆಗೆ ಮನುಷ್ಯರ ಚರ್ಮವೇ ಬೇಕಾಗಿದ್ದಿತು. ಅದಕ್ಕೆ ತಮ್ಮ ಮೈಯನ್ನೇ ಒಡ್ಡಿದರು. ಅದುವರೆಗೆ ಕಂಡಿರದ ಹೊಸ ಪ್ರತಿಕಾಯವೊಂದನ್ನು 1966ರಲ್ಲಿ ಪ್ರಕಟಿಸಿದರು. ಸ್ವೀಡನ್ನಿನ ಯೋಹಾನ್ಸನ್, ಬೆನ್ನಿಖ್ ಎಂಬವರೂ ಬೇರೆ ದಾರಿಯಿಂದ ಅದನ್ನೇ ಮುಟ್ಟಿದ್ದರು. 1968ರಲ್ಲಿ ಅದಕ್ಕೆ ಐಜಿಇ ಎಂಬ ಹೆಸರು ಸ್ಥಿರವಾಯಿತು.

ತೆರುಕೊ ಅವರು ತಮ್ಮದಾಗಿ ಮುಂದುವರಿಸಿದ ಪ್ರಶ್ನೆ ಇನ್ನೊಂದು. ಇಷ್ಟು ಅಲ್ಪವಾದ ವಸ್ತು ಅಷ್ಟು ದೊಡ್ಡ ಉಪದ್ರವವನ್ನು ಮಾಡುವ ಬಗೆ ಯಾವುದು? ಈ ಪ್ರತಿಕಾಯವು ಕೆಲವು ಜೀವಕೋಶಗಳ ಮೈಗೆ ಅಂಟಿ ಕುಳಿತಿರುತ್ತದೆ; ಪರಾಗವೋ ಮೀನಿನ ಸತ್ತ್ವವೋ ಬಂದು ಅಕ್ಕಪಕ್ಕದ ಎರಡನ್ನು ಬೆಸೆಯಿತೆಂದರೆ, ಆ ಕೋಶವು ತನ್ನೊಳಗಿನ ಹಿಸ್ಟಮೀನನ್ನು ಹೊರಚೆಲ್ಲುತ್ತದೆ. ಊತ, ಸೀನು, ಉಬ್ಬಸ ಇವೆಲ್ಲಕ್ಕೂ ಮೊದಲು ಅದೇ. ಈ ತಿಳಿವಿನ ಆಧಾರದಿಂದಲೇ ಐಜಿಇಯನ್ನು ತಡೆಯುವ ಓಮಾಲಿಜುಮ್ಯಾಬ್ ಎಂಬ ಔಷಧವು 2003ರಲ್ಲಿ ಅಮೇರಿಕದಲ್ಲಿ ಅನುಮತಿಯನ್ನು ಪಡೆಯಿತು.

ಗಂಡಹೆಂಡಿರಿಬ್ಬರೂ 1970ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯವನ್ನು ಸೇರಿದರು. ಪತಿಯಿರುವ ಸಂಸ್ಥೆಯಲ್ಲಿ ಪತ್ನಿಗೆ ಹುದ್ದೆಯನ್ನು ಕೊಡಕೂಡದೆಂಬ ನಿಯಮವು ಅಮೇರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಬಹುಕಾಲ ನಡೆದುಬಂದಿದ್ದಿತೆಂಬುದನ್ನು ಇಲ್ಲಿ ನೆನೆಯಬೇಕು. ಪಕ್ಷಪಾತವನ್ನು ತಡೆಯಲೆಂದು ಹುಟ್ಟಿದ ಆ ನಿಯಮದಿಂದ ಮನೆಗೆ ಹೋದವರು ಬಹುಶಃ ಯಾವಾಗಲೂ ಹೆಂಡಿರೇ. ನಮ್ಮ ಅಧಿಕಾರಿವರ್ಗದವರು ವರ್ಗಾವಣೆಯ ಆಜ್ಞೆಗಳಿಗೆ ರುಜು ಹಾಕುವಾಗ ಇದನ್ನು ಸ್ವಲ್ಪ ಆಲೋಚಿಸಿದರೆ ಒಳ್ಳೆಯದು. ಗಂಡನನ್ನು ಬೀದರಿಗೂ ಹೆಂಡತಿಯನ್ನು ಚಾಮರಾಜನಗರಕ್ಕೂ ಕಳುಹಿಸಿ, ಆಕೆ ರಾಜೀನಾಮೆ ಕೊಟ್ಟಳೆಂದು ಆಶ್ಚರ್ಯಪಡುವುದರಲ್ಲಿ ಅರ್ಥವಿಲ್ಲ.

ತೆರುಕೊ ಅವರು ಪ್ರೊಫೆಸರರಾದರು. ಅವರ ಬಳಿ ಕೆಲಸ ಕಲಿತ ತರುಣರಲ್ಲಿ ಹಿರೋಹಿಸಾ ಸಾಯಿತೊ ಒಬ್ಬರು. ಗುರುಶಿಷ್ಯರಿಬ್ಬರ ಹೆಸರೂ 1988ರ ಪ್ರಬಂಧವೊಂದರಲ್ಲಿ ಒಟ್ಟಿಗಿವೆ. ಶಿಷ್ಯನ ಹೆಸರು ಮೊದಲು, ಗುರುವಿನದು ಕಡೆಗೆ. ವಿಜ್ಞಾನಿಗಳಲ್ಲಿ ಇದು ರೂಢಿಯೇ ಸರಿ. ಆದರೂ ಕೈಕೆಳಗಿನವನ ಶ್ರಮವನ್ನು ತನ್ನ ಖಾತೆಗೆ ಜಮಾ ಮಾಡಿಕೊಳ್ಳುವ ಹಿರಿಯರನ್ನು ಕಂಡ ನಮಗೆ ಇದು ಹಿತವಾಗಿ ತೋರಿತು.

ಕಹಿಯಾದ ಸಂಗತಿಯೂ ಒಂದುಂಟು. ಕೆನಡಾದ ಗೇರ್ಡ್‌ನರ್ ಪಾರಿತೋಷಕವು 1973ರಲ್ಲಿ ಪತಿಪತ್ನಿಯರಿಬ್ಬರಿಗೂ ಬಂದಿತು. ಮರುವರ್ಷ ಸ್ವದೇಶವು ತನ್ನ ಶ್ರೇಷ್ಠ ಸಂಸ್ಕೃತಿಪದಕವನ್ನು ಕಿಮಿಶಿಗೆ ಅವರೊಬ್ಬರಿಗೇ ತೊಡಿಸಿತು. ಪರದೇಶಕ್ಕೆ ಕಂಡ ಹೆಂಗಸು ತವರಿಗೆ ಕಾಣದೆ ಹೋದುದು ಹೇಗೆ? ಒಂದು ಮನೆಗೆ ಒಂದು ಹೆಸರು ಸಾಕೆಂಬ ಲೆಕ್ಕಾಚಾರ ನಮ್ಮಲ್ಲಿಯೂ ಉಂಟು. ಆದುದರಿಂದ ಜಪಾನೀಯರನ್ನು ಹಳಿಯಲು ನಮಗೆ ಬಾಯಿಲ್ಲ.

ದಂಪತಿಗಳು 1996ರಲ್ಲಿ ಜಪಾನಿನ ಯಾಮಾಗಾತಾಕ್ಕೆ ಮರಳಿದರು. ಕಿಮಿಶಿಗೆ 2018ರಲ್ಲಿ ತೀರಿಕೊಂಡರು, ತೆರುಕೊ ಮರುವರ್ಷವೇ. ಇಬ್ಬರಿಗೂ ಆಗ 92 ವಯಸ್ಸು.