ಇಪ್ಪತ್ತೈದಕ್ಕೇ ಗಂಟುನೋವು

"ಈ ವಯಸ್ಸಿಗೇ ಕೈಕಾಲು ನೋವಾ? ನಿಮ್ಮಜ್ಜಿ ಇನ್ನೂ ಓಡಾಡಿಕೊಂಡಿದ್ದಾರೆ!" ಇಪ್ಪತ್ತೈದರ ಆಸುಪಾಸಿನಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಶುರುವಾದವರಿಗೆ ಈ ಮಾತು ತಪ್ಪಿದ್ದಲ್ಲ. ಹೇಳುವವರು ಕಂಡಿರುವುದು ಮುಪ್ಪಿನಲ್ಲಿ ಕೀಲು ಸವೆದು ಬರುವ ನೋವನ್ನು. ಇದು ಸವೆತವಲ್ಲ. ಸೋಂಕಿನ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ಕೀಲಿನ ಒಳಪೊರೆಯ ಮೇಲೇ ತಿರುಗಿಬೀಳುತ್ತದೆ. ಪೊರೆ ಊದಿಕೊಳ್ಳುತ್ತದೆ, ಕೀಲಿನಲ್ಲಿ ನೀರು ತುಂಬುತ್ತದೆ, ಹಾಗೇ ಬಿಟ್ಟರೆ ಮೂಳೆಯ ಅಂಚನ್ನೂ ಕೊರೆಯುತ್ತದೆ. ಯಾವ ವಯಸ್ಸಿನಲ್ಲೂ ಬರಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಗೊತ್ತಾಗುವುದು ಬೆಳಗಿನ ಹೊತ್ತು. ಪೇಸ್ಟಿನ ಮುಚ್ಚಳ ತಿರುಗುವುದಿಲ್ಲ. ಬಚ್ಚಲಿನ ನಲ್ಲಿಯನ್ನು ಬೆರಳಲ್ಲಿ ಹಿಡಿಯಲಾಗದೆ ಅಂಗೈಯಿಂದ ತಳ್ಳಬೇಕು. ಸಲೀಸಾಗಿ ಏರುತ್ತಿದ್ದ ಬಳೆ ಗೆಣ್ಣಿನ ಹತ್ತಿರ ನಿಂತುಬಿಡುತ್ತದೆ. ರೊಟ್ಟಿ ತಟ್ಟಲು ಕೂತರೆ ಮಣಿಕಟ್ಟು ಮಾತು ಕೇಳುವುದಿಲ್ಲ. ಹನ್ನೊಂದರ ಹೊತ್ತಿಗೆ ಅದೇ ಕೈ ಹೆಚ್ಚುಕಡಿಮೆ ಸರಿಹೋಗಿರುತ್ತದೆ, ಮನೆಯವರಿಗೆ ಅನುಮಾನ ಬರುವುದೂ ಆಗಲೇ: ಕೆಲಸ ತಪ್ಪಿಸಿಕೊಳ್ಳುವ ನೆಪವೇನೋ ಎಂದು. ವೈದ್ಯರಿಗೆ ಮಾತ್ರ ಇದೇ ದೊಡ್ಡ ಸುಳಿವು. ಸವೆತದ ನೋವು ದುಡಿದಷ್ಟೂ ಏರುತ್ತದೆ. ಈ ರೋಗದಲ್ಲಿ ವಿಶ್ರಾಂತಿಯಲ್ಲಿದ್ದ ಕೀಲು ಬಿಗಿದು, ಆಡಿಸಿದಂತೆ ಸಡಿಲವಾಗುತ್ತದೆ. ಬೆಳಗಿನ ಬಿಗಿತ ಅರ್ಧ ಗಂಟೆ, ಒಂದು ಗಂಟೆ ಮೀರಿದರೆ, ಎರಡೂ ಕೈಗಳ ಬೆರಳ ಬುಡ ಮತ್ತು ನಡುಗೆಣ್ಣುಗಳು ಊದಿ ಆರು ವಾರವಾದರೂ ಇಳಿಯದಿದ್ದರೆ ರುಮಟಾಲಜಿ ತಜ್ಞರನ್ನು ಕಾಣಬೇಕು. ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಇಲ್ಲ ಎಂದ ಮಾತ್ರಕ್ಕೆ ರೋಗವಿಲ್ಲ ಎಂದಲ್ಲ. ಅದು ಸಿಗದ ರೋಗಿಗಳೂ ಸಾಕಷ್ಟು ಮಂದಿ ಇದ್ದಾರೆ. "ರಿಪೋರ್ಟ್ ನಾರ್ಮಲ್" ಎನ್ನಿಸಿಕೊಂಡು ಮನೆಗೆ ಬಂದು ವರ್ಷ ಕಳೆದುಕೊಳ್ಳುವುದು ಇಲ್ಲೇ.

ಇನ್ನೊಂದು ಬಗೆಯಲ್ಲೂ ವರ್ಷಗಳು ಕಳೆದುಹೋಗುತ್ತವೆ: ನೋವು ಹೋದದ್ದನ್ನೇ ರೋಗ ಹೋಯಿತೆಂದು ನಂಬಿ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಮತ್ತವರ ತಂಡ 29ರ ಒಬ್ಬ ಹೆಣ್ಣುಮಗಳಿಗೆ ಹೊಸದೊಂದು ಇಂಜೆಕ್ಷನ್ ಕೊಟ್ಟಿತು. ಈ ರೋಗದಿಂದ ಏಳಲಾರದೆ ಇದ್ದಾಕೆ ಕೆಲವೇ ದಿನಗಳಲ್ಲಿ ನಡೆದುಕೊಂಡು ಪೇಟೆಗೆ ಹೋದಳು. ಅದೇ ಕಾರ್ಟಿಸೋನ್, ಇವತ್ತಿನ ಸ್ಟೀರಾಯ್ಡ್‌ಗಳ ಹಿರಿಯಕ್ಕ. 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ಆದರೆ ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ಕಾಲ ಕೊಟ್ಟಲ್ಲೆಲ್ಲ ಮುಖ ಊದಿತು, ಸಕ್ಕರೆ ಏರಿತು, ಮೂಳೆ ಟೊಳ್ಳಾಯಿತು. ನಿಲ್ಲಿಸಿದರೆ ನೋವು ಮರಳಿ ಬಂತು. ನೋವು ಹೋಗುವುದು ಬೇರೆ, ರೋಗ ತಗ್ಗುವುದು ಬೇರೆ. ಮುಂದೆ ನಲವತ್ತೈವತ್ತು ವರ್ಷ ಬದುಕಬೇಕಾದವರು ಇದನ್ನು ಮೊದಲ ತಿಂಗಳಲ್ಲೇ ತಿಳಿದಿರಬೇಕು. ಇವತ್ತೂ ವೈದ್ಯರು ಕಡಿಮೆ ಪ್ರಮಾಣದ ಸ್ಟೀರಾಯ್ಡನ್ನು ಕೆಲವು ವಾರ ಕೊಡುತ್ತಾರೆ, ಅದು ಸರಿಯೇ. ಆದರೆ ಹೆಸರಿಲ್ಲದ ಪೊಟ್ಟಣದಲ್ಲಿ ಬರುವ "ಗಂಟುನೋವಿನ ಪುಡಿ"ಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಮೂರೇ ದಿನಕ್ಕೆ ಗುಣ ಕಂಡ ಪುಡಿಯನ್ನು ಹೊಗಳುವ ಮೊದಲು ಅನುಮಾನಿಸುವುದು ಲೇಸು. ವರ್ಷಗಟ್ಟಲೆ ತಿಂದಿದ್ದರೆ ಥಟ್ಟನೆ ಬಿಡುವುದೂ ಅಪಾಯ. ವೈದ್ಯರಿಗೆ ಹೇಳಿಯೇ ಇಳಿಸಬೇಕು.

ರೋಗವನ್ನೇ ತಗ್ಗಿಸುವ ಮದ್ದು ನಿಧಾನಿ. ಎಲ್ಲಕ್ಕಿಂತ ಹೆಚ್ಚಾಗಿ ಬಳಕೆಯಲ್ಲಿರುವ ಮೆಥೋಟ್ರೆಕ್ಸೇಟ್ ಕೆಲಸ ತೋರಿಸಲು ಆರರಿಂದ ಹನ್ನೆರಡು ವಾರ ಬೇಕು. ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ನಡೆಸಿದ ಸಂಶೋಧನೆಯ ಫಲ ಇದು. ಮೊದಲು ಬಳಕೆಯಾದದ್ದು ಕ್ಯಾನ್ಸರಿಗೆ. ಮೊಬೈಲಿನಲ್ಲಿ ಮಾತ್ರೆಯ ಹೆಸರು ಹುಡುಕಿ "ನನಗೆ ಕ್ಯಾನ್ಸರ್ ಔಷಧಿ ಕೊಟ್ಟಿದ್ದಾರೆ" ಎಂದು ನಡುಗುವವರು ಬಹಳ. ಕೀಲಿಗೆ ಕೊಡುವ ಪ್ರಮಾಣ ಅದರ ಸಣ್ಣದೊಂದು ಪಾಲು, ಅದೂ ವಾರಕ್ಕೆ ಒಂದೇ ದಿನ. ಈ "ವಾರಕ್ಕೆ ಒಂದೇ ದಿನ" ಎಂಬುದನ್ನು ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ. ತಪ್ಪಿ ದಿನವೂ ನುಂಗಿ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಪ್ರಾಣಕ್ಕೇ ಸಂಚಕಾರ ತಂದುಕೊಂಡವರಿದ್ದಾರೆ. ಜೊತೆಗೆ ಫೋಲಿಕ್ ಆಮ್ಲದ ಮಾತ್ರೆ, ಆಗಾಗ ರಕ್ತ ಮತ್ತು ಲಿವರ್ ಪರೀಕ್ಷೆ. ಮದ್ಯದ ವಿಷಯದಲ್ಲಿ ಬಿಗಿ. ಸಿಗರೇಟಂತೂ ರೋಗವನ್ನೂ ಕೆಣಕುತ್ತದೆ, ಮದ್ದಿನ ಬಲವನ್ನೂ ತಗ್ಗಿಸುತ್ತದೆ.

ಮದುವೆಯ ಮಾತು ಬಂದಾಗ ಮನೆಗಳಲ್ಲಿ ರೋಗ ಮುಚ್ಚಿಡುತ್ತಾರೆ. ಆಮೇಲೆ ಮಾತ್ರೆಯನ್ನೂ ಮುಚ್ಚಿಡಬೇಕಾಗುತ್ತದೆ, ಮಾತ್ರೆ ತಪ್ಪುತ್ತದೆ. ಮಕ್ಕಳಾಗುವುದಕ್ಕೆ ಈ ರೋಗ ಅಡ್ಡಿಯೇನಲ್ಲ. ಮೆಥೋಟ್ರೆಕ್ಸೇಟ್ ಮಾತ್ರ ಭ್ರೂಣಕ್ಕೆ ಅಪಾಯಕಾರಿ, ಗರ್ಭಕ್ಕೆ ತಿಂಗಳುಗಳ ಮೊದಲೇ ಅದನ್ನು ನಿಲ್ಲಿಸಿ ಬೇರೆ ಮದ್ದಿಗೆ ಹೊರಳಬೇಕು. ಗರ್ಭಿಣಿಯರಲ್ಲಿ ಹಲವರಿಗೆ ನೋವು ತಾನಾಗಿ ತಗ್ಗುತ್ತದೆ. ಹೆರಿಗೆಯಾಗಿ ವಾರಗಳಲ್ಲಿ, ಸರಿಯಾಗಿ ಮಗುವನ್ನು ಎತ್ತಿಕೊಳ್ಳಬೇಕಾದ ಹೊತ್ತಿಗೆ, ಕೆರಳುವುದೂ ಉಂಟು. ನಮ್ಮಲ್ಲಿ ಅದನ್ನು ಬಾಣಂತಿಯ ಶೀತವೆಂದು ಬಿಸಿನೀರು ಹೊಯ್ದು ಸುಮ್ಮನಾಗುತ್ತಾರೆ.

ಆಕ್ಸ್‌ಫರ್ಡ್‌ನ ವಿಜ್ಞಾನಿ ಡೊರೊಥಿ ಹಾಜ್ಕಿನ್‌ಗೂ ರೋಗ ಜೋರಾದದ್ದು 28ರಲ್ಲಿ, ಮೊದಲ ಮಗು ಹುಟ್ಟಿದ ಬೆನ್ನಿಗೆ. ಆಗ ಮೆಥೋಟ್ರೆಕ್ಸೇಟ್ ಇರಲಿಲ್ಲ, ಬೆರಳುಗಳು ಸೊಟ್ಟಗಾದವು. ಎಕ್ಸ್-ರೇ ಯಂತ್ರದ ಸ್ವಿಚ್ಚು ಒತ್ತಲು ಬಲ ಸಾಲದಾದಾಗ ಅದಕ್ಕೊಂದು ಉದ್ದನೆಯ ಹಿಡಿ ಮಾಡಿಸಿಕೊಂಡರು. 1964ರಲ್ಲಿ ರಸಾಯನಶಾಸ್ತ್ರದ ನೊಬೆಲ್, 1969ರಲ್ಲಿ ಇನ್ಸುಲಿನ್ನಿನ ರಚನೆ ಬಿಡಿಸಿದ ಹಿರಿಮೆ. 

ಉದ್ದ ಹಿಡಿಯ ಜಾಣತನ ನಮ್ಮ ಮನೆಗಳಿಗೂ ಬೇಕು. ತಿರುಗಿಸುವ ನಲ್ಲಿ ತೆಗೆದು ಎತ್ತಿಳಿಸುವ ನಲ್ಲಿ ಹಾಕಿಸುವುದು, ಕ್ಲಚ್ಚಿನ ಬೈಕು ಮಾರಿ ಗೇರಿಲ್ಲದ ಸ್ಕೂಟರ್ ಕೊಳ್ಳುವುದು, ಬಿಂದಿಗೆಯನ್ನು ಬೆರಳಲ್ಲಿ ನೇತುಹಾಕದೆ ತೋಳಲ್ಲಿ ಅಪ್ಪಿ ಎತ್ತುವುದು. ಕಚೇರಿಯಲ್ಲಿ ಮಾತ್ರ ತೊಡಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಈ ರೋಗದ ಹೆಸರಿಲ್ಲ. ಕೀಲು ಕೆಟ್ಟು ಚಲನೆ ಶಾಶ್ವತವಾಗಿ ಕುಂದಿದ ಮೇಲೆ ಚಲನವೈಕಲ್ಯದ ಪ್ರಮಾಣಪತ್ರ ಕೇಳಬಹುದು. ಹೊತ್ತಿಗೆ ಸರಿಯಾಗಿ ಮದ್ದು ಮಾಡಿ ಕೀಲು ಉಳಿಸಿಕೊಂಡವರಿಗೆ ಅದು ಸಿಗುವುದಿಲ್ಲ, ಆದರೆ ಬೆಳಗಿನ ಬಿಗಿತವೂ ಮಧ್ಯಾಹ್ನದ ಸುಸ್ತೂ ಹಲವರಲ್ಲಿ ಹಾಗೇ ಇರುತ್ತವೆ. ಅಂಥವರಿಗೆ ಉಳಿಯುವುದು ತಜ್ಞರ ಒಂದು ಪತ್ರ ಹಿಡಿದು ಮ್ಯಾನೇಜರ್ ಹತ್ತಿರ ಹೋಗಿ, ಒಂಬತ್ತರ ಬದಲು ಹತ್ತೂವರೆಗೆ ಬಂದು ಸಂಜೆ ಅಷ್ಟೇ ತಡವಾಗಿ ಹೋಗುತ್ತೇನೆಂದು ಕೇಳುವುದು.