ಹಿಂಡಿದರೆ ವಿದ್ಯುತ್ತು ಕೊಡುವ ಸ್ಫಟಿಕ

ನಿಕಲ್, ಮ್ಯಾಂಗನೀಸ್, ಗ್ಯಾಲಿಯಂ ಬೆರೆತ ಮಿಶ್ರಲೋಹದ ಹರಳೊಂದು ಕಾಂತಕ್ಷೇತ್ರದಲ್ಲಿ ಆಕಾರ ಬದಲಿಸುತ್ತದೆಂದು 1996ರಲ್ಲಿ ಕಾರಿ ಉಲ್ಲಾಕೊ ಮತ್ತು ಸಂಗಡಿಗರು ತೋರಿಸಿದಾಗ ಆ ಬದಲಾವಣೆ ಶೇ. 0.2ರಷ್ಟಿತ್ತು. ಕೆಲವೇ ವರ್ಷಗಳಲ್ಲಿ ಅದು ಶೇ. 6ಕ್ಕೆ ಏರಿತು. ಇದರ ಗುಟ್ಟು ಹರಳಿನ ಒಳಗಟ್ಟಿನಲ್ಲಿದೆ. ತಣ್ಣಗಿರುವಾಗ ಅದರ ಪರಮಾಣು ಜೋಡಣೆಯ ಪ್ರತಿ ಕೋಶದ ಒಂದು ಬದಿ ಉಳಿದೆರಡಕ್ಕಿಂತ ಸುಮಾರು ಶೇ. 6 ಗಿಡ್ಡ, ಕಾಂತತೆ ಒರಗಲು ಬಯಸುವುದೂ ಆ ಗಿಡ್ಡ ಬದಿಯತ್ತಲೇ. ಆದ್ದರಿಂದ ಇಂಥ ಹರಳಿನ ಕಡ್ಡಿಯನ್ನು ಉದ್ದಕ್ಕೆ ಅದುಮಿದರೆ ಕೋಶಗಳು ಮಗ್ಗುಲು ಬದಲಿಸುತ್ತವೆ, ಜೊತೆಗೆ ಕಾಂತತೆಯೂ ತಿರುಗುತ್ತದೆ. ಸುತ್ತ ತಾಮ್ರದ ಸುರುಳಿಯಿದ್ದರೆ ಅದರಲ್ಲಿ ವೋಲ್ಟೇಜು ಹುಟ್ಟುತ್ತದೆ. ಒತ್ತಡ ಸರಿದಾಗ ಅಡ್ಡಲಾಗಿಟ್ಟ ಕಾಯಂ ಅಯಸ್ಕಾಂತ ಕಡ್ಡಿಯನ್ನು ಮೊದಲಿನ ಉದ್ದಕ್ಕೆ ತರುತ್ತದೆ. ಅಂದರೆ ಇದು ಅಯಸ್ಕಾಂತ ತಿರುಗದ ಡೈನಮೊ.

ಸೈಕಲ್ಲಿನ ಡೈನಮೊ ಅಗ್ಗವಾಗಿರುವಾಗ ಈ ದುಬಾರಿ ಹರಳೇಕೆ ಎಂಬ ಆಕ್ಷೇಪ ಸಹಜ. ಉತ್ತರ ಚಲನೆಯ ಅಳತೆಯಲ್ಲಿದೆ. ಅಯಸ್ಕಾಂತ ಓಡಾಡಲು ಜಾಗ ಬೇಕು. ಅದುಮಿದರೆ ವಿದ್ಯುತ್ತು ಕೊಡುವ ಪೀಜೋ ಪಿಂಗಾಣಿಗೆ ಜಾಗ ಬೇಡ, ಆದರೆ ಅದು ಕುಗ್ಗುವುದು ಸುಮಾರು ಶೇ. 0.1 ಮಾತ್ರ, ಅದಕ್ಕೂ ಭಾರೀ ಬಲ ಬೇಕು. ಹತ್ತು ಮಿಲಿಮೀಟರ್ ಉದ್ದದ ನಮ್ಮ ಕಡ್ಡಿಯಾದರೋ ಕೆಲವೇ ಮೆಗಾಪ್ಯಾಸ್ಕಲ್ ಒತ್ತಡಕ್ಕೆ 0.6 ಮಿಲಿಮೀಟರ್ ಕುಗ್ಗುತ್ತದೆ. ಪಿಂಗಾಣಿಗೆ ಹೆಚ್ಚಾದ, ಡೈನಮೊಗೆ ಸಾಲದ ಈ ನಡುವಿನ ಅಲುಗಾಟವೇ ಇದರ ಪಾಲು.

ಪಾಲು ಸಣ್ಣದೇ. ಕಾಂತತೆಯನ್ನು ಅದರ ಇಷ್ಟದ ದಿಕ್ಕಿನಿಂದ ಕೀಳಲು ತಗಲುವ ಶಕ್ತಿಯೇ ಇಲ್ಲಿ ಮಿತಿ. ಆ ಲೆಕ್ಕದಲ್ಲಿ ಒಂದು ಘನ ಸೆಂಟಿಮೀಟರ್ ಲೋಹ ಒಮ್ಮೆ ಅದುಮಿದರೆ ಹೆಚ್ಚೆಂದರೆ ಜೌಲಿನ ಐದನೇ ಒಂದು ಭಾಗ ಕೊಟ್ಟೀತು, ಸುರುಳಿಯಲ್ಲಿ ಕೈಗೆ ಸಿಗುವುದು ಇನ್ನೂ ಕಡಿಮೆ. ಊರಿಗೆ ದೀಪ ಹಚ್ಚುವ ಮಾತು ಹಾಗಾಗಿ ಬಿಡಬೇಕು. ಜೊತೆಗೆ, ಒಂಟಿ ಹರಳು ಬೆಳೆಸುವುದು ಕಷ್ಟ, ಬೆಳೆದದ್ದು ಪೆಡಸು. ನೂರು ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಅದರ ಕಾಂತತೆಯೇ ಅಳಿಯುವುದರಿಂದ ಬಿಸಿ ಎಂಜಿನ್ನಿನ ಮೈಗೂ ಅದು ಒಗ್ಗದು.

ಹಾಗಿದ್ದರೂ ಇದನ್ನು ತಳ್ಳಿಹಾಕುವುದು ತಪ್ಪು, ಏಕೆಂದರೆ ಬೇಡಿಕೆಯೂ ಸಣ್ಣದೇ. ಯಂತ್ರದ ಕಂಪನವನ್ನು ಆಗಾಗ ಅಳೆದು ತಂತಿಯಿಲ್ಲದೆ ಸುದ್ದಿ ಕಳಿಸುವ ಸಂವೇದಕಕ್ಕೆ ಮಿಲಿವಾಟುಗಳೇ ಸಾಕು. ಅಲ್ಲಿ ದುಬಾರಿಯಾಗುವುದು ಬ್ಯಾಟರಿಯಲ್ಲ, ಅದನ್ನು ಬದಲಿಸಲು ಕೈ ನಿಲುಕದ ಜಾಗಕ್ಕೆ ಆಳನ್ನು ಇಳಿಸುವುದು. ಮೇಲಾಗಿ ಸುರುಳಿಯ ವೋಲ್ಟೇಜು ಅಲುಗಾಟದ ವೇಗವನ್ನೂ ಹೇಳುತ್ತದೆ. ಅಳೆಯಬೇಕಾದ ಕಂಪನವೇ ಅಳೆಯುವವನಿಗೆ ಕೂಲಿ ಕೊಡುವ ಇಂಥ ಕಡೆ, ಹರಳಿನ ಬೆಲೆಯನ್ನು ವಾಟಿನ ಲೆಕ್ಕದಲ್ಲಿ ತೂಗುವುದು ಸಲ್ಲದು.