ರಾಯಚೂರು ಜಿಲ್ಲೆಯ ಆಹಾರ ಪದ್ಧತಿ

ರಾಯಚೂರು ಜಿಲ್ಲೆಯ ಆಹಾರ ಪದ್ಧತಿಯು ಕರ್ನಾಟಕದ ಈಶಾನ್ಯ ಭಾಗದಲ್ಲಿರುವ ರಾಯಚೂರು, ದೇವದುರ್ಗ, ಮಾನ್ವಿ ಮೊದಲಾದ ತಾಲ್ಲೂಕುಗಳ ಜನರ ಸಾಂಪ್ರದಾಯಿಕ ಅಡುಗೆ ಹಾಗೂ ಊಟದ ಕ್ರಮವಾಗಿದೆ. ಬಿಳಿಜೋಳದ ರೊಟ್ಟಿ ಇದರ ಕೇಂದ್ರ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಲುವೆ ನೀರಾವರಿಯಿಂದ ಭತ್ತದ ಬೆಳೆ ಹರಡಿದ ಬಳಿಕ ಅನ್ನದ ಬಳಕೆ ಹೆಚ್ಚಿದರೂ ರೊಟ್ಟಿಯು ತನ್ನ ಸ್ಥಾನವನ್ನು ಉಳಿಸಿಕೊಂಡಿದೆ.

ಹಿನ್ನೆಲೆ

ಜಿಲ್ಲೆಯು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಪ್ರದೇಶದಲ್ಲಿದೆ. ಇಲ್ಲಿ ಮಳೆ ಕಡಿಮೆ. ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಎರೆಭೂಮಿಯು ಮಳೆಯ ತೇವವನ್ನು ಬಹುಕಾಲ ಹಿಡಿದಿಟ್ಟುಕೊಳ್ಳುವುದರಿಂದ, ಹಿಂಗಾರಿನಲ್ಲಿ ಬಿತ್ತಿದ ಜೋಳವು ಆ ತೇವದಲ್ಲಿಯೇ ಬೆಳೆದು ಚಳಿಗಾಲದ ಕೊನೆಯಲ್ಲಿ ಕೊಯ್ಲಿಗೆ ಬರುತ್ತದೆ. ತೆನೆಯ ಕಾಳು ಮನುಷ್ಯರಿಗೆ ಆಹಾರವಾದರೆ, ಒಣಗಿದ ದಂಟು ಎತ್ತುಗಳಿಗೆ ವರ್ಷಪೂರ್ತಿ ಮೇವಾಗುತ್ತದೆ.

ರಾಶಿಯಾದ ಜೋಳವನ್ನು ಹಿಂದೆ ನೆಲದಡಿಯ ಹಗೇವುಗಳಲ್ಲಿ ಸಂಗ್ರಹಿಸಲಾಗುತ್ತಿತ್ತು. ಗಾಳಿಯಾಡದಂತೆ ಮುಚ್ಚಿದ ಹಗೇವಿನಲ್ಲಿ ಕಾಳಿಗೆ ಹುಳ ಬೀಳುವುದು ಕಡಿಮೆ. ಆದರೆ ಉಸಿರಾಡಲು ಯೋಗ್ಯವಾದ ಗಾಳಿ ಒಳಗೆ ಇರದ ಕಾರಣ, ಬಾಯಿ ತೆರೆದು ಸಾಕಷ್ಟು ಹೊತ್ತು ಬಿಟ್ಟು, ದೀಪ ಇಳಿಸಿ ಪರೀಕ್ಷಿಸಿದ ನಂತರವೇ ಇಳಿಯುವುದು ರೂಢಿಯಾಗಿತ್ತು. ಬರಗಾಲದ ವರ್ಷಗಳಲ್ಲಿ ಈ ಸಂಗ್ರಹವೇ ಊರಿಗೆ ಆಸರೆಯಾಗುತ್ತಿತ್ತು.

ಜೋಳದ ರೊಟ್ಟಿ

ಜೋಳದಲ್ಲಿ ಗೋಧಿಯಲ್ಲಿರುವ ಗ್ಲುಟೆನ್ ಅಂಶವಿಲ್ಲ. ಆದುದರಿಂದ ಹಿಟ್ಟು ತಣ್ಣೀರಿನಲ್ಲಿ ಜಿಗಿಯಾಗುವುದಿಲ್ಲ. ಕುದಿಯುವ ಎಸರನ್ನು ಹಿಟ್ಟಿಗೆ ಸೇರಿಸಿದಾಗ ಅದರ ಪಿಷ್ಟ ಬೆಂದು ಅಂಟು ಬರುತ್ತದೆ. ಚೆನ್ನಾಗಿ ನಾದಿದ ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು, ಅಂಗೈಯಿಂದ ಬಡಿಯುತ್ತ ತಿರುಗಿಸಿ ತೆಳ್ಳಗೆ ಅಗಲಗೊಳಿಸಲಾಗುತ್ತದೆ. ಇದನ್ನು ರೊಟ್ಟಿ ಬಡಿಯುವುದು ಎನ್ನುತ್ತಾರೆ. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಹಾಕಿ, ಕೊನೆಗೆ ಕೆಂಡಕ್ಕೆ ಹಿಡಿದಾಗ ಅದು ಉಬ್ಬುತ್ತದೆ.

ಮೆತ್ತಗಿನ ಬಿಸಿರೊಟ್ಟಿಯನ್ನು ಆಗಲೇ ಉಣ್ಣಲಾಗುತ್ತದೆ. ತೇವ ಪೂರ್ತಿ ಆರುವಂತೆ ಒಣಗಿಸಿದ ಖಡಕ್ ರೊಟ್ಟಿ ಅನೇಕ ದಿನ ಕೆಡದೆ ಉಳಿಯುತ್ತದೆ. ಜಾತ್ರೆ, ದೂರದ ಪ್ರಯಾಣ ಹಾಗೂ ದುಡಿಯಲು ಬೇರೆ ಊರಿಗೆ ಹೋಗುವ ಕುಟುಂಬಗಳ ಬುತ್ತಿಗೆ ಇದೇ ಆಧಾರ. ಮಳೆ ಕೈಕೊಟ್ಟ ವರ್ಷ ದೇವದುರ್ಗ ಮೊದಲಾದ ತಾಲ್ಲೂಕುಗಳಿಂದ ಬೆಂಗಳೂರಿನಂತಹ ನಗರಗಳಿಗೆ ಗುಳೆ ಹೋಗುವ ಕೂಲಿಕಾರರು ಜೋಳದ ಹಿಟ್ಟು ಮತ್ತು ಖಡಕ್ ರೊಟ್ಟಿಯನ್ನು ಜೊತೆಗೊಯ್ಯುವುದುಂಟು.

ದಿನನಿತ್ಯದ ಊಟ

ರೊಟ್ಟಿಯೊಂದಿಗೆ ಪುಂಡಿಪಲ್ಯ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಜುಣಕ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಮೊಸರು ಹಾಗೂ ಹಸಿ ಉಳ್ಳಾಗಡ್ಡಿಯನ್ನು ಬಳಸಲಾಗುತ್ತದೆ. ಹುಳಿ ರುಚಿಯ ಪುಂಡಿಸೊಪ್ಪನ್ನು ತೊಗರಿಬೇಳೆ ಅಥವಾ ಜೋಳದ ನುಚ್ಚಿನೊಡನೆ ಬೇಯಿಸುತ್ತಾರೆ. ನೆರೆಯ ತೆಲುಗು ಸೀಮೆಯಲ್ಲಿ ಇದೇ ಸೊಪ್ಪು ಗೋಂಗೂರ ಎಂದು ಪ್ರಸಿದ್ಧ. ಬಿಸಿಲಿನ ದಿನಗಳಲ್ಲಿ ಜೋಳದ ನುಚ್ಚು, ಅಂಬಲಿ ಮತ್ತು ಮಜ್ಜಿಗೆ ಹೊಲದ ಕೆಲಸಗಾರರ ಆಹಾರವಾಗಿವೆ.

ರಾಯಚೂರು ನಗರದಲ್ಲಿ ಮುಂಜಾನೆಯ ಉಪಾಹಾರಕ್ಕೆ ಮಂಡಾಳು ಒಗ್ಗರಣೆ ಮತ್ತು ಮಿರ್ಚಿ ಭಜಿ ಜನಪ್ರಿಯ. ಜಿಲ್ಲೆಯು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ನಗರದ ಬಿರಿಯಾನಿ ಮತ್ತು ಬಗಾರ ಅನ್ನದಲ್ಲಿ ಹೈದರಾಬಾದಿನ ನಂಟು ಕಾಣುತ್ತದೆ.

ಹಬ್ಬಗಳ ಅಡುಗೆ

ಎಳ್ಳಮಾವಾಸ್ಯೆಯಂದು ರೈತ ಕುಟುಂಬಗಳು ಬಂಧುಗಳೊಡನೆ ಹೊಲಕ್ಕೆ ಹೋಗಿ ಭೂತಾಯಿಯನ್ನು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲುತ್ತವೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಲವು ಸೊಪ್ಪು-ಕಾಳುಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ ಮತ್ತು ಹೋಳಿಗೆ ಅಂದಿನ ವಿಶೇಷ. ಕಾಳು ಹಾಲುಗಟ್ಟಿ ಬಲಿಯುವ ಹೊತ್ತಿಗೆ ಎಳೆಯ ತೆನೆಗಳನ್ನು ಬೆಂಕಿಯಲ್ಲಿ ಸುಟ್ಟು, ಉದುರಿಸಿದ ಕಾಳನ್ನು ಸೀತನಿ ಎಂದು ತಿನ್ನುತ್ತಾರೆ. ನಾಗರ ಪಂಚಮಿಗೆ ಬಗೆಬಗೆಯ ಉಂಡೆಗಳೂ ಜೋಳದ ಅರಳೂ ಸಿದ್ಧವಾಗುತ್ತವೆ. ಹಿಂದೂ ಮತ್ತು ಮುಸ್ಲಿಮರು ಕೂಡಿ ಆಚರಿಸುವ ಮೊಹರಂನಲ್ಲಿ ಚೋಂಗೆ ಎಂಬ ಸಿಹಿ ತಿನಿಸನ್ನು ಮಾಡಲಾಗುತ್ತದೆ. ಜಿಲ್ಲೆಯ ಮುದಗಲ್ ಪಟ್ಟಣದ ಮೊಹರಂ ಹೆಸರುವಾಸಿಯಾಗಿದೆ.

ನೀರಾವರಿ ಮತ್ತು ಬದಲಾವಣೆ

1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗಳಿಗೆ ಹರಿಯಲಾರಂಭಿಸಿತು. ಎಡದಂಡೆ ಕಾಲುವೆಯ ಪ್ರದೇಶಕ್ಕೆ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ಆಂಧ್ರದ ರೈತರು ಭತ್ತದ ಬೇಸಾಯವನ್ನು ವಿಸ್ತರಿಸಿದರು. ಸಿಂಧನೂರು ಮತ್ತು ಮಾನ್ವಿಯ ಎರೆಹೊಲಗಳು ಗದ್ದೆಗಳಾದವು; ಸೋನಾ ಮಸೂರಿ ಅಕ್ಕಿಗೆ ಜಿಲ್ಲೆ ಹೆಸರಾಯಿತು. ಮುಂದೆ ನಾರಾಯಣಪುರ ಬಲದಂಡೆ ಕಾಲುವೆಯು ದೇವದುರ್ಗ ತಾಲ್ಲೂಕಿನ ಭಾಗಗಳಿಗೂ ಕೃಷ್ಣೆಯ ನೀರನ್ನು ತಂದಿತು.

ಹಬ್ಬದ ಊಟವಾಗಿದ್ದ ಅನ್ನ ಇದರಿಂದ ದಿನದ ಊಟವಾಯಿತು. ಪಡಿತರದ ಅಕ್ಕಿ, ವಿಶೇಷವಾಗಿ 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆ, ಬಡವರ ಹಸಿವನ್ನು ತಗ್ಗಿಸಿತು. ಜೊತೆಗೆ ಅನ್ನದ ರೂಢಿಯನ್ನೂ ಬಲಪಡಿಸಿತು. ಜೋಳ ಬಿತ್ತದ ಊರುಗಳಲ್ಲಿ ಅದರ ದಂಟಿನ ಮೇವೂ ಇಲ್ಲವಾಗಿ, ಹಗೇವುಗಳು ಬಳಕೆ ತಪ್ಪಿವೆ. ಆ ಊರುಗಳ ಮನೆಗಳು ರೊಟ್ಟಿಗೆ ಬೇಕಾದ ಜೋಳವನ್ನು ಸಂತೆಯಲ್ಲಿ ಕೊಳ್ಳುತ್ತವೆ. ಕಾಲುವೆಯ ಕೊನೆಯ ಭಾಗದಲ್ಲಿರುವ ಮಾನ್ವಿ ಮತ್ತು ರಾಯಚೂರು ತಾಲ್ಲೂಕುಗಳ ಹೊಲಗಳಿಗೆ ಕೊರತೆಯ ವರ್ಷಗಳಲ್ಲಿ ನೀರು ತಲುಪದೆ ಭತ್ತ ಒಣಗುವುದೂ ಉಂಟು. ಕಡಿಮೆ ತೇವದಲ್ಲಿ ಬೆಳೆಯುವ ಜೋಳದ ಮಹತ್ವ ಅಂಥ ವರ್ಷಗಳಲ್ಲಿ ಮತ್ತೆ ಚರ್ಚೆಗೆ ಬರುತ್ತದೆ.

ಮನೆಯ ಹೆಂಗಸರ ನಿತ್ಯದ ಕೆಲಸವಾಗಿದ್ದ ರೊಟ್ಟಿ ಬಡಿಯುವಿಕೆಯು ಪಟ್ಟಣಗಳಲ್ಲಿ ಜೀವನೋಪಾಯವೂ ಆಗಿದೆ. ಮಹಿಳೆಯರು ನಡೆಸುವ ರೊಟ್ಟಿ ಕೇಂದ್ರಗಳು ಖಾನಾವಳಿಗಳಿಗೆ ಮತ್ತು ಮದುವೆ ಮನೆಗಳಿಗೆ ಎಣಿಕೆಯ ಲೆಕ್ಕದಲ್ಲಿ ರೊಟ್ಟಿ ಪೂರೈಸುತ್ತವೆ.